ಎರಡು ಗೇಣಿನ ರಿಂಗು

ಉಳಿವೆಪ್ಪ ಮಾಸ್ತರರ ಫೋಟೋ ಜಿಲ್ಲೆಯ ಪತ್ರಿಕೆಯಲ್ಲಿ ಎರಡು ಸಲ ಬಂದಿತ್ತು. ಒಂದು ಸಲ ‘ಸವಣೂರಿನ ಹುಡುಗಿಯರಿಗೆ ಸತತ ನಾಲ್ಕನೇ ಕಪ್’ ಎಂಬ ಸುದ್ದಿಯ ಪಕ್ಕ, ಇನ್ನೊಂದು ಸಲ ‘ತರಬೇತುದಾರನ ವಿರುದ್ಧ ಆರು ದೂರು’ ಎಂಬ ಸುದ್ದಿಯ ಪಕ್ಕ. ಫೋಟೋ ಮಾತ್ರ ಎರಡೂ ಸಲ ಅದೇ: ಕೊರಳಲ್ಲಿ ಸೀಟಿ, ಜೇಬಿನಲ್ಲಿ ನಿಯಮಾವಳಿಯ ಪುಸ್ತಕ, ಮುಖದಲ್ಲಿ ಈಗಷ್ಟೇ ಯಾರನ್ನೋ ಬೈದು ಬಂದ ತೃಪ್ತಿ. ಹೆಂಡತಿ ಶಂಕ್ರವ್ವ ಎರಡನ್ನೂ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳು. “ಬಂದವ್ರು ಯಾವುದು ಬೇಕೋ ಅದನ್ನ ಓದಿಕೊಳ್ಳಲಿ” ಎಂಬುದು ಅವಳ ನ್ಯಾಯ.

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಬಲ್ಲವರಲ್ಲಿ ಎರಡೇ ಪಂಗಡ. ಮಾಸ್ತರರು ದೇವರಂಥವರು ಎನ್ನುವವರು ಸವಣೂರಿನಲ್ಲಿದ್ದರು. ಉಳಿದವರು ಉಳಿದ ಕಡೆ ಇದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ವಲಯ ಕಪ್ ಗೆದ್ದ ಮನುಷ್ಯನನ್ನು ಸೋತವರೂ ಪ್ರೀತಿಸಬೇಕೆಂದರೆ ಹೇಗೆ? ಆದರೆ ಸಿಟ್ಟಿಗೆ ಅದೊಂದೇ ಕಾರಣವಲ್ಲ. ಮಾಸ್ತರರು ಪಂದ್ಯಕ್ಕೆ ಬರುವಾಗ ದೂರಿನ ಅರ್ಜಿಯನ್ನು ಕಾರ್ಬನ್ ಹಾಕಿ ಮೊದಲೇ ಬರೆದುಕೊಂಡು ಬರುತ್ತಿದ್ದರು. ಕಾರಣದ ಜಾಗವನ್ನು ಮಾತ್ರ ಖಾಲಿ ಬಿಟ್ಟಿರುತ್ತಿದ್ದರು. ಎದುರು ತಂಡದಲ್ಲಿ ಇಬ್ಬರ ಬೆನ್ನಿಗೆ ಒಂದೇ ನಂಬರಿತ್ತೆಂದು ಒಂದು ಫೈನಲ್ ಗೆದ್ದರು. ಉಗುರು ಕತ್ತರಿಸದ ಹುಡುಗಿಯನ್ನು ಹೊರಗೆ ಕೂರಿಸಿ ಇನ್ನೊಂದು ಗೆದ್ದರು. ಸ್ವಂತ ಹುಡುಗಿಯರನ್ನೂ ಬಿಟ್ಟವರಲ್ಲ. ಫ್ರೀ ಥ್ರೋ ತಪ್ಪಿದವಳು ಕಾಲೇಜಿನ ಮಗ್ಗುಲಿನ ಎಲೆಬಳ್ಳಿ ತೋಟದ ಸುತ್ತ ಐದು ಸುತ್ತು ಓಡಬೇಕು. ಯಾಕೆಂದು ಕೇಳಲು ಅವಳ ತಂದೆ ಬಂದರೆ ತಂದೆಯೂ ಎರಡು ಸುತ್ತು. ಹಾಗೆ ಓಡಿದ ತಂದೆಯೊಬ್ಬ ಬೆವರು ಒರೆಸಿಕೊಂಡು ದೂರು ಕೊಟ್ಟಿದ್ದ.

ಆಟಗಾರ್ತಿಯರನ್ನು ಆರಿಸುವ ಅವರ ರೀತಿಯೂ ಲೋಕಕ್ಕಿಲ್ಲದ್ದು. ಎತ್ತರ ನೋಡುತ್ತಿರಲಿಲ್ಲ, ಓಟ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ರಟ್ಟೀಹಳ್ಳಿ ಸಂತೆಯಲ್ಲಿ ಮೆಣಸಿನಕಾಯಿ ತೂಗುವವಳಾಗಲಿ, ಸವಣೂರಿನ ತೋಟದಲ್ಲಿ ಎಲೆ ಕೊಯ್ಯುವವಳಾಗಲಿ, “ಎಲ್ಲಿ, ಗೇಣು ಹಾಕಿ ತೋರಸು” ಎಂದು ಸ್ಕೇಲು ಚಾಚುತ್ತಿದ್ದರು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಂಟೂವರೆ ಇಂಚು ಬಂದರೆ ಮರುದಿನವೇ ಬಿ.ಎ. ಪ್ರವೇಶದ ಅರ್ಜಿ ಅವಳ ಮನೆಗೆ ಹೋಗುತ್ತಿತ್ತು. ಹಂಸಭಾವಿಯಲ್ಲಿ ಒಮ್ಮೆ ಜನ ಅವರನ್ನು ಕೈ ನೋಡಿ ಭವಿಷ್ಯ ಹೇಳುವವರೆಂದು ತಿಳಿದು ಸಾಲುಗಟ್ಟಿ ಕೂತುಬಿಟ್ಟರು. ಮಾಸ್ತರರು ಯಾರನ್ನೂ ನಿರಾಸೆ ಮಾಡದೆ, ಇಬ್ಬರಿಗೆ ಮದುವೆ, ಒಬ್ಬನಿಗೆ ಬೋರಿನಲ್ಲಿ ನೀರು ಹೇಳಿ, ಒಳ್ಳೆಯ ಸೆಂಟರ್ ಆಟಗಾರ್ತಿಯೊಬ್ಬಳನ್ನು ಹುಡುಕಿಕೊಂಡು ಬಂದರು.

ಇಷ್ಟೆಲ್ಲ ಕೈ ಅಳೆದ ಮನುಷ್ಯ, ಅಳೆಯಲೇಬೇಕಾಗಿದ್ದ ಒಂದು ಕೈಯನ್ನು ಅಳೆಯಲು ಮರೆತಿದ್ದರು.

ಅವರು ಕೆಲಸಕ್ಕೆ ಸೇರಿದ ವರ್ಷದ ಮಾತು. ಊರೆಲ್ಲ ‘ತೋಟದ ಕಾಲೇಜು’ ಎಂದು ಕರೆಯುವ ಆ ಕಾಲೇಜಿನ ಅಂಗಳದಲ್ಲಿ ಎರಡು ಕಂಬ, ಎರಡು ಹಲಗೆ ಇದ್ದವು, ರಿಂಗುಗಳಿರಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ಆರು ತಿಂಗಳಾಗುತ್ತದೆ ಎಂದರು. ಆರು ತಿಂಗಳು ಕಾಯುವ ಜಾಯಮಾನ ಮಾಸ್ತರರದಲ್ಲ. ನೆಟ್ಟಗೆ ಕಮ್ಮಾರ ಕರೀಮಸಾಬನ ಕುಲುಮೆಗೆ ಹೋದರು. ಕರೀಮಸಾಬ ಬಂಡಿಯ ಗಾಲಿಗೆ ಏರಿಸಿದ ಕಬ್ಬಿಣದ ಹಳಿ ಮೂರು ತಲೆಮಾರು ಸಡಿಲಾಗದು ಎಂದು ನಾಲ್ಕು ತಾಲೂಕಿನ ರೈತರು ಹೇಳುತ್ತಿದ್ದರು. ಅವನ ಕುಲುಮೆಯಲ್ಲಿ ಸುತ್ತಿಗೆಗಳಿದ್ದವು, ಇಕ್ಕಳಗಳಿದ್ದವು, ಅಳತೆ ಟೇಪು ಮಾತ್ರ ಇರಲಿಲ್ಲ.

“ಅಡ್ಡಗಲ ಎಷ್ಟು ಬೇಕ್ರಿ ಮಾಸ್ತರ?”

“ಹದಿನೆಂಟು ಇಂಚು.”

“ಇಂಚು-ಗಿಂಚು ಬ್ಯಾಡ್ರಿ. ಗೇಣಿನ್ಯಾಗ ಹೇಳ್ರಿ.”

ಮಾಸ್ತರರು ತಮ್ಮ ಕೈ ಅಗಲಿಸಿ ನೋಡಿಕೊಂಡರು. ಸರಿಯಾಗಿ ಒಂಬತ್ತು ಇಂಚಿನ ಗೇಣು. “ಎರಡು ಗೇಣು” ಎಂದರು. ಕರೀಮಸಾಬ ತನ್ನ ಗೇಣಿನಲ್ಲಿ ಎರಡು ಅಳೆದ. ಸಂಜೆಯ ಹೊತ್ತಿಗೆ ಎರಡು ರಿಂಗು ಕಂಬವೇರಿದವು.

ಗುಟ್ಟು ಗೊತ್ತಾದದ್ದು ಮರುವರ್ಷ, ಹುಡುಗಿಯರನ್ನು ಧಾರವಾಡಕ್ಕೆ ಆಡಿಸಲು ಕರೆದೊಯ್ದಾಗ. ಅಲ್ಲಿ ಹಾಕಿದ ಚೆಂಡೆಲ್ಲ ಗೋಣಿಚೀಲಕ್ಕೆ ಜೋಳ ಸುರಿದ ಹಾಗೆ ರಿಂಗಿನೊಳಗೆ ಬೀಳತೊಡಗಿತು. ಎದುರು ತಂಡ ಬೆಪ್ಪಾಯಿತು, ಸ್ವಂತ ಹುಡುಗಿಯರೂ ಬೆಪ್ಪಾದರು. ಊಟದ ಬಿಡುವಿನಲ್ಲಿ ಮಾಸ್ತರರು ಸ್ಟೂಲು ಹತ್ತಿ ಗೇಣು ಹಾಕಿದರು: ಸರಿಯಾಗಿ ಎರಡು. ಸವಣೂರಿಗೆ ಬಂದವರೇ ಏಣಿ ಹತ್ತಿ ಅಲ್ಲೂ ಗೇಣು ಹಾಕಿದರು. ಎರಡನೇ ಗೇಣು ರಿಂಗಿನ ಆಚೆ ಎರಡು ಇಂಚು ಹೊರಗೆ ಹೋಯಿತು. ಕರೀಮಸಾಬ ಗಟ್ಟಿ ಆಳು, ಆದರೆ ಕೈ ಚಿಕ್ಕದು. ಅವನ ಗೇಣು ಎಂಟೇ ಇಂಚು.

ಸಣ್ಣ ರಿಂಗಿನಲ್ಲಿ ಕಲಿತವರಿಗೆ ದೊಡ್ಡ ರಿಂಗು ಹಬ್ಬ. ದೊಡ್ಡದರಲ್ಲಿ ಕಲಿತು ಸವಣೂರಿಗೆ ಬಂದವರ ಚೆಂಡು ಕಬ್ಬಿಣಕ್ಕೆ ಬಡಿದು ವಾಪಸು. ಮೇಲಾಗಿ, ಗೆದ್ದವರ ಅಂಗಳದಲ್ಲೇ ಮರುವರ್ಷದ ಪಂದ್ಯ ಎಂಬುದು ವಲಯದ ಪದ್ಧತಿ. ಮಾಸ್ತರರು ಏಣಿಯ ಮೇಲೆ ನಿಂತು ಇದನ್ನೆಲ್ಲ ಯೋಚಿಸಿ, ಕೈಯನ್ನು ಜೇಬಿಗೆ ಹಾಕಿಕೊಂಡು ಇಳಿದರು. ‘ಎರಡೂ ತಂಡಕ್ಕೆ ಅದೇ ರಿಂಗು, ಇದರಲ್ಲಿ ಮೋಸವೇನು? ಬರುವ ವರ್ಷ ಬದಲಿಸಿದರಾಯಿತು’ ಎಂದು ಸಮಾಧಾನ ಹೇಳಿಕೊಂಡರು. ಆ ಬರುವ ವರ್ಷ ಇಪ್ಪತ್ತೊಂದು ವರ್ಷವಾದರೂ ಬರಲಿಲ್ಲ. ಬಂದ ಅಂಪೈರುಗಳು ಕಂಬದ ಎತ್ತರ ಅಳೆದರು, ನೆಲದ ಗೆರೆ ಅಳೆದರು. ಮೇಲೆ ಹತ್ತಿ ರಿಂಗು ಅಳೆಯುವ ಉಸಾಬರಿಗೆ ಯಾರೂ ಹೋಗಲಿಲ್ಲ.

ನಡುವೆ ಒಂದು ಸಲ ಮಾತ್ರ ಅವರ ಎದೆ ಧಸಕ್ಕೆಂದಿತ್ತು. ಕರೀಮಸಾಬನ ಮಗಳು ತಸ್ಲೀಮಾ ತಂಡಕ್ಕೆ ಸೇರಲು ಬಂದಿದ್ದಳು. ಸ್ಕೇಲಿನ ಮೇಲೆ ಅವಳ ಕೈ ಇಡಿಸಿದ ಮಾಸ್ತರರು, “ಎಂಟ ಇಂಚು. ಆಗೂದಿಲ್ಲವಾ” ಎಂದರು.

“ನಮ್ಮ ಅಬ್ಬಾನ ಕೈನೂ ಇಷ್ಟ ಐತ್ರಿ ಸರ್ರ” ಎಂದಳು ಹುಡುಗಿ. “ಅವರ ಕೆಲಸಕ್ಕ ಈತನಕಾ ಯಾರೂ ಹೆಸರಿಟ್ಟಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾಸ್ತರರು ಆ ಕ್ಷಣವೇ ಸ್ಕೇಲು ಎತ್ತಿಟ್ಟು, “ನಾಳೆ ಬೆಳಿಗ್ಗೆ ಆರಕ್ಕ ಬಾ” ಎಂದುಬಿಟ್ಟರು. ಅವಳೇ ಅವರ ಕೈಯಲ್ಲಿ ತಯಾರಾದ ಎಲ್ಲರಿಗಿಂತ ಒಳ್ಳೆಯ ಆಟಗಾರ್ತಿಯಾದಳು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದಳು, ಓದಿದಳು, ಮೂರು ವರ್ಷದ ಹಿಂದೆ ಹಿರೇಕೆರೂರಿನ ಕಾಲೇಜಿಗೆ ತರಬೇತುದಾರಳಾಗಿ ಹೋದಳು.

ಈಗ ಮಾಸ್ತರರಿಗೆ ಅರವತ್ತು. ತಿಂಗಳ ಕೊನೆಗೆ ನಿವೃತ್ತಿ. ಪ್ರಿನ್ಸಿಪಾಲರು ಕಪ್‌ಗಳಿಗೆಂದು ಹನ್ನೆರಡು ಖಾನೆಗಳ ಗಾಜಿನ ಕಪಾಟು ಮಾಡಿಸಿ, ಹನ್ನೆರಡನೆಯ ಖಾನೆಗೆ ಈಗಾಗಲೇ ಕಸೂತಿ ಬಟ್ಟೆ ಹಾಸಿದ್ದರು. “ಡಜನ್ ಮಾಡಿ ಹೋಗ್ರಿ ಮಾಸ್ತರ” ಎಂದು ದಿನಾ ಹೇಳುತ್ತಿದ್ದರು. ಮಾಸ್ತರರಿಗೂ ಅದೇ ಹಂಬಲ. ಹೆಸರು, ಬಿರುದು, ಶಾಲು ಎಲ್ಲ ಒಂದು ಕಡೆ. ಆ ಹನ್ನೆರಡನೆಯ ಖಾನೆ ಒಂದು ಕಡೆ. ರಾತ್ರಿಯ ಊಟಕ್ಕೆ ಕೂತಾಗಲೂ ಅದೇ ಕಣ್ಣೆದುರು ಬರುತ್ತಿತ್ತು.

ಶನಿವಾರ ಸೆಮಿಫೈನಲ್‌ನಲ್ಲಿ ಸವಣೂರು ಹಾನಗಲ್ಲನ್ನು ಸೋಲಿಸಿತು. ಹಾವೇರಿಯಲ್ಲಿ ನಡೆದ ಇನ್ನೊಂದು ಸೆಮಿಫೈನಲ್ ಗೆದ್ದು ಫೈನಲ್ಲಿಗೆ ಬಂದದ್ದು ತಸ್ಲೀಮಾಳ ಹಿರೇಕೆರೂರು.

ಭಾನುವಾರ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಅಂಪೈರ್ ಲೋಹಿತ ಇಬ್ಬರು ತರಬೇತುದಾರರನ್ನೂ ಮೇಜಿನ ಹತ್ತಿರ ಕರೆದ. ಹೊಸ ಹುಡುಗ, ಹಾವೇರಿಯಿಂದ ಬಂದವನು, ಸೊಂಟಕ್ಕೆ ಸ್ಟೀಲಿನ ಟೇಪು ಸಿಕ್ಕಿಸಿಕೊಂಡಿದ್ದ. ಅದನ್ನು ನೋಡಿಯೇ ಮಾಸ್ತರರು ಜೇಬಿನ ನಿಯಮಾವಳಿಯನ್ನು ಮುಟ್ಟಿ ನೋಡಿಕೊಂಡಿದ್ದರು.

“ಹಾನಗಲ್ಲಿನ ಫಕ್ಕೀರೇಶ ಸರ್ ಅರ್ಜಿ ಕೊಟ್ಟಾರ್ರಿ. ರಿಂಗು ಸಣ್ಣದೈತಿ, ಅಳೀರಿ ಅಂತಾರ.”

ಫಕ್ಕೀರೇಶ ಹಾನಗಲ್ಲಿನ ತರಬೇತುದಾರ. ಏಳು ಸಲ ಈ ಅಂಗಳದಲ್ಲಿ ಸೋತವನು. ಮೇಜಿನ ಆಚೆ ಕೈಕಟ್ಟಿ ನಿಂತಿದ್ದ.

“ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ” ಎಂದರು ಮಾಸ್ತರರು. “ನಿನ್ನೆ ಸೋತವರಿಗೆ ಇವತ್ತಿನ ಫೈನಲ್ಲಿನ ಉಸಾಬರಿ ಯಾಕ್ರಿ? ನಿಯಮ ನೋಡ್ರಿ. ಆಡೋ ತಂಡದವರು ಕೇಳಿದರಷ್ಟ ಅಳೀಬೇಕು.” ಪುಸ್ತಕ ತೆಗೆದು ಪುಟ ತೋರಿಸಿದರು.

ಲೋಹಿತ ಓದಿ ನೋಡಿ ತಸ್ಲೀಮಾಳ ಕಡೆ ತಿರುಗಿದ. “ಮೇಡಂ, ನೀವು ಕೇಳ್ತೀರೇನ್ರಿ?”

ತಸ್ಲೀಮಾ ತಲೆಯೆತ್ತಿ ರಿಂಗು ನೋಡಿದಳು. ಆಮೇಲೆ ಮಾಸ್ತರರನ್ನು ನೋಡಿದಳು. ಮಾಸ್ತರರು ಅಂಗಳದ ಗೆರೆಯನ್ನೇ ನೋಡುತ್ತಿದ್ದರು.

“ಬ್ಯಾಡ್ರಿ” ಎಂದಳು. “ಇದ ರಿಂಗಿನ್ಯಾಗ ಆಡ್ತೇವಿ.”

ಮಾಸ್ತರರ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಮರುಗಳಿಗೆಗೆ ನಾಚಿಕೆಯಾಯಿತು. ಗುರುವಿನ ಮಾನ ಉಳಿಸಲು ಹುಡುಗಿ ತನ್ನ ತಂಡವನ್ನೇ ಬಲಿ ಕೊಡುತ್ತಿದ್ದಾಳೆ ಎಂದುಕೊಂಡರು. ಆದರೂ ಬೇಡ ಎನ್ನುವಷ್ಟು ನಾಚಿಕೆ ಅದಾಗಿರಲಿಲ್ಲ; ಹನ್ನೆರಡನೆಯ ಖಾನೆ ಅದಕ್ಕಿಂತ ದೊಡ್ಡದಿತ್ತು.

ಪಂದ್ಯ ಶುರುವಾಯಿತು. ಸವಣೂರಿಗೆ ಬಂದ ತಂಡಗಳು ಮೊದಲ ಹತ್ತು ನಿಮಿಷ ಚೆಂಡು ಹಾಕುತ್ತಲೇ ಇರುತ್ತವೆ, ಅದು ಹೊರಗೆ ಪುಟಿಯುತ್ತಲೇ ಇರುತ್ತದೆ. ಆಮೇಲೆ ಒಬ್ಬರನ್ನೊಬ್ಬರು ಬೈದುಕೊಳ್ಳತೊಡಗುತ್ತವೆ. ಮಾಸ್ತರರು ಅದಕ್ಕಾಗಿ ನೆಮ್ಮದಿಯಿಂದ ಕಾಲು ಚಾಚಿ ಕೂತರು. ಹಿರೇಕೆರೂರಿನ ಹುಡುಗಿಯೊಬ್ಬಳು ಮೊದಲ ಶಾಟ್ ಹಾಕಿದಳು. ಚೆಂಡು ಮುಗಿಲಿಗೆ ಹೋಗಿ, ನೆಟ್ಟಗೆ ಇಳಿದು, ಕಬ್ಬಿಣಕ್ಕೆ ತಾಗದೆ ಬಲೆಯೊಳಗೆ ಜಾರಿತು. ಎರಡನೆಯವಳದೂ ಹಾಗೆಯೇ. ಮೂರನೆಯವಳದೂ ಹಾಗೆಯೇ. ಮಾಸ್ತರರು ಚಾಚಿದ ಕಾಲು ಒಳಗೆಳೆದುಕೊಂಡರು. ‘ಮುಗಲಿಗೆ ಹಾಕು, ಅಲ್ಲಿಂದ ಇಳೀಲಿ’ ಎಂದು ಸಣ್ಣ ರಿಂಗಿಗೆಂದೇ ಅವರು ಹುಟ್ಟಿಸಿದ ಶಾಟ್ ಅದು. ದೊಡ್ಡ ರಿಂಗಿನಲ್ಲಿ ಕಲಿತವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಕರೀಮಸಾಬನ ದನಿ ಕೇಳಿತು. ಮಗಳ ತಂಡದ ಆಟ ನೋಡಲು ಬಂದ ಮುದುಕ ಖಾರಾ-ಚುನಮುರಿಯ ಪೊಟ್ಟಣ ಹಿಡಿದು ಬೀಗುತ್ತಿದ್ದ. “ಮಾಸ್ತರ, ಹ್ಯಾಂಗ ಆಡಾಕತ್ತಾರ ನೋಡ್ರಿ! ಹಿರೇಕೆರೂರಿಗೂ ನಾನ ಹೋಗಿ ರಿಂಗು ಮಾಡಿ ಕೊಟ್ಟು ಬಂದೇನ್ರಿ. ಮಗಳು ಇದರದ ಅಳತಿ ಬೇಕಂದ್ಲು. ಎರಡು ಗೇಣು, ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ!”

ಗುರುವಿಗೇ ತಿರುಮಂತ್ರ! ಮಾಸ್ತರರು ಅಂಗಳದ ಆಚೆ ನೋಡಿದರು. ತಸ್ಲೀಮಾ ಅವರ ಕಡೆ ತಿರುಗಲೇ ಇಲ್ಲ. ಅವಳು ಅವರ ಮಾನ ಉಳಿಸಿರಲಿಲ್ಲ, ಅವರದೇ ಕತ್ತಿಯನ್ನು ಸಾಣೆ ಹಿಡಿದುಕೊಂಡು ಬಂದಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಹೆಮ್ಮೆ. ಅದನ್ನು ಮುಚ್ಚಿಕೊಳ್ಳಲು ಸ್ವಂತ ಹುಡುಗಿಯರ ಮೇಲೆ ರೇಗಿದರು.

ಕೊನೆಯ ನಿಮಿಷಕ್ಕೆ ಹಿರೇಕೆರೂರು ನಲವತ್ತೊಂದು, ಸವಣೂರು ನಲವತ್ತು. ಸವಣೂರಿನ ನಾಯಕಿ ಸಮತಾ ಕೊನೆಯ ಶಾಟ್ ಹಾಕಿದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಬಂತು, ಎರಡನೇ ಸುತ್ತು ಬಂತು, ಒಳಗೋ ಹೊರಗೋ ಎಂದು ಯೋಚಿಸಿ ಹೊರಗೆ ಬಿತ್ತು. ಸೀಟಿ ಮೊಳಗಿತು. ರಿಂಗು ಎರಡು ಇಂಚು ದೊಡ್ಡದಿದ್ದರೆ ಆ ಚೆಂಡು ಒಳಗೆ ಬೀಳುತ್ತಿತ್ತು. ಅದು ಅಲ್ಲಿದ್ದವರಲ್ಲಿ ಮಾಸ್ತರರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಮತಾ ಅಳುತ್ತ ತೋಟದ ಕಡೆ ಓಡಲು ಹೊರಟಳು. “ಬ್ಯಾಡ ಬಾರವಾ, ತಪ್ಪು ನಿಂದಲ್ಲ” ಎಂದು ಮಾಸ್ತರರು ಕೈಹಿಡಿದು ನಿಲ್ಲಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಆಗ ಫಕ್ಕೀರೇಶ ಅಂಗಳದ ನಡುವೆ ಬಂದು ನಿಂತ. “ಎಲ್ಲಾರೂ ಸೋಲೋ ರಿಂಗಿನ್ಯಾಗ ಈಕಿ ಹ್ಯಾಂಗ ಗೆದ್ದಳು? ಅಳೀಬ್ಯಾಡ್ರಿ ಅಂತ ಯಾಕಂದಳು? ಒಳಗ ಏನೋ ಐತಿ!” ಎಂದು ಕೂಗಿದ. ಜನ ಹೌದು ಹೌದೆಂದರು. ಈಗ ಲೋಹಿತ ಯಾರನ್ನೂ ಕೇಳಲಿಲ್ಲ. ಏಣಿ ತರಿಸಿ, ಹತ್ತಿ, ಟೇಪು ಎಳೆದ.

“ಹದಿನಾರು ಇಂಚು.”

ಯಾರು ಮಾಡಿದ್ದು ಎಂದು ಒಬ್ಬ ಕೇಳಿದ, ಕರೀಮಸಾಬ ಎಂದು ಹತ್ತು ಜನ ಹೇಳಿದರು. ಫಕ್ಕೀರೇಶನಿಗೆ ಅಷ್ಟೇ ಸಾಕಾಗಿತ್ತು. “ಅಪ್ಪ ರಿಂಗು ಸಣ್ಣದು ಮಾಡ್ಯಾನ, ಮಗಳು ಕಪ್ ಹೊಡದಾಳ! ತಿಳೀತೇನ್ರಿ?” ಕರೀಮಸಾಬ ಪೊಟ್ಟಣ ಕೆಳಗಿಟ್ಟು, ಏನೂ ಅರ್ಥವಾಗದವನಂತೆ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳತೊಡಗಿದ.

ಪ್ರಿನ್ಸಿಪಾಲರು ಮಾಸ್ತರರನ್ನು ಪಕ್ಕಕ್ಕೆಳೆದರು. “ದೇವರು ಕಣ್ಣು ತೆರದಾನ್ರಿ! ದೂರು ಬರೀರಿ. ಕಮ್ಮಾರನ ತಪ್ಪು, ನಮಗೇನೂ ಗೊತ್ತಿಲ್ಲ ಅಂತ ಹಾಕ್ರಿ. ಪಂದ್ಯ ರದ್ದಾಕ್ಕೇತಿ, ಬರೋ ವಾರ ಹಾವೇರ್ಯಾಗ ಮತ್ತ ಆಡಿ ಗೆಲ್ತೇವಿ. ಇಪ್ಪತ್ತು ನಿಮಿಷದಾಗ ಕೊಡಬೇಕಂತ, ಲಗೂನ ಬರೀರಿ.”

ಮಾಸ್ತರರು ಚೆಂಡು-ಬಲೆ ಇಡುವ ಕೋಣೆಗೆ ಹೋಗಿ ಕೂತರು. ಜೇಬಿನಲ್ಲಿ ಅರ್ಜಿ ತಯಾರಿತ್ತು, ಕಾರ್ಬನ್ ಇತ್ತು. ಕಾರಣದ ಜಾಗದಲ್ಲಿ ‘ಕಮ್ಮಾರನ ತಪ್ಪು’ ಎಂದು ಎರಡೇ ಪದ ಬರೆಯಬೇಕಿತ್ತು. ಅದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ, ಅದೇ ಕಷ್ಟ. ಪೆನ್ನು ತೆರೆದರು. ಬಾಗಿಲಲ್ಲಿ ತಸ್ಲೀಮಾ ನಿಂತಿದ್ದಳು.

“ನಿನಗ ಯಾವಾಗ ಗೊತ್ತಾತು?” ಎಂದು ಕೇಳಿದರು.

“ನೀವು ನನ್ನ ಗೇಣು ಅಳದ ದಿನಾನ ಸರ್ರ. ಎಂಟು ಅಂದ್ರಿ. ಎರಡು ಗೇಣಿನ ರಿಂಗು ಮಾಡಿ ಕೊಟ್ಟೇನಿ ಅಂತ ಅಬ್ಬಾ ಮನ್ಯಾಗ ನೂರು ಸಲ ಹೇಳಿದ್ರು. ಎಂಟೆರಡ್ಲೆ ಹದಿನಾರು.”

“ಮತ್ತ ಯಾಕ ಹೇಳಲಿಲ್ಲ?”

“ನೀವು ಯಾಕ ಹೇಳಲಿಲ್ರಿ?”

ಮಾಸ್ತರರು ತೆರೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

“ನಾನೂ ನಿಮ್ಮಂಗ ಆದೆ ಸರ್ರ. ಗೆಲ್ಲೂ ಆಸೆ” ಎಂದಳು ತಸ್ಲೀಮಾ. ಅವಳ ಕಣ್ಣು ತುಂಬಿತ್ತು. “ಕಪ್ ನೀವ ಇಟಗೋರಿ. ಅಬ್ಬಾನ ಹೆಸರು ಮಾತ್ರ ಬರೀಬ್ಯಾಡ್ರಿ. ಐವತ್ತು ವರ್ಷ ಬಂಡಿ ಗಾಲಿ ಕಟ್ಟಿದ ಕೈ ಅದು. ತನ್ನ ಅಳತಿ ತಪ್ಪು ಅಂತ ಗೊತ್ತಾದರ ಅವರು ಮತ್ತ ಸುತ್ತಿಗಿ ಹಿಡಿಯೂದಿಲ್ಲ.”

ಅವಳು ಹೋದಳು. ಹೊರಗೆ ಪ್ರಿನ್ಸಿಪಾಲರು ಗಡಿಯಾರ ನೋಡುತ್ತ ಕೆಮ್ಮುತ್ತಿದ್ದರು. ಮಾಸ್ತರರು ಕಸೂತಿ ಬಟ್ಟೆ ಹಾಸಿದ ಖಾನೆಯನ್ನು ಕೊನೆಯ ಸಲ ನೆನೆಸಿಕೊಂಡರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಬರೆಯತೊಡಗಿದರು. ಹದಿನೆಂಟನೇ ನಿಮಿಷಕ್ಕೆ ಹೊರಗೆ ಬಂದು ಅರ್ಜಿಯನ್ನು ಲೋಹಿತನ ಕೈಗಿಟ್ಟು, “ಎಲ್ಲಾರಿಗೂ ಕೇಳೂಹಂಗ ಓದ್ರಿ” ಎಂದರು.

ಲೋಹಿತ ಓದಿದ. “ದೂರು ಯಾರ ಮೇಲೆ: ಉಳಿವೆಪ್ಪ, ತರಬೇತುದಾರ, ಸವಣೂರು. ಕಾರಣ: ರಿಂಗಿನ ಅಳತೆ ಕೊಟ್ಟವನು ನಾನು. ಎರಡು ಗೇಣನ್ನು ನನ್ನ ಕೈಯಿಂದಲೇ ಅಳೆದು ತೋರಿಸಿದ್ದೆ. ಕಮ್ಮಾರ ಕರೀಮಸಾಬ ತೋರಿಸಿದ ಹಾಗೆಯೇ ಮಾಡಿದ್ದಾನೆ, ಅವನ ಕೆಲಸದಲ್ಲಿ ಕೂದಲೆಳೆಯ ತಪ್ಪಿಲ್ಲ. ರಿಂಗು ಸಣ್ಣದೆಂದು ನನಗೆ ಇಪ್ಪತ್ತೊಂದು ವರ್ಷದಿಂದ ಗೊತ್ತು. ಇವತ್ತಿನ ಕಪ್ ಹಿರೇಕೆರೂರಿನದು. ಹಿಂದಿನ ಹನ್ನೊಂದನ್ನು ಏನು ಮಾಡಬೇಕೋ ವಲಯದವರು ತೀರ್ಮಾನಿಸಲಿ.”

ಪ್ರಿನ್ಸಿಪಾಲರು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ಏಳು ಸಲ ಸೋತ ಫಕ್ಕೀರೇಶನಿಗೆ ಕುಣಿಯಬೇಕೋ ಸುಮ್ಮನಿರಬೇಕೋ ತಿಳಿಯಲಿಲ್ಲ. ಕರೀಮಸಾಬ ಮಾತ್ರ ಎದೆಯುಬ್ಬಿಸಿ, “ನಾ ಹೇಳಲಿಲ್ಲೇನು? ನನ್ನ ಕೆಲಸ ಬರೋಬರಿ ಇರ್ತೇತಿ!” ಎಂದು ಪಕ್ಕದವನಿಗೆ ಹೇಳಿ, ಪೊಟ್ಟಣ ಎತ್ತಿಕೊಂಡು ಖಾರಾ ಬಾಯಿಗೆ ಹಾಕಿಕೊಂಡ. ತಸ್ಲೀಮಾ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಲೋಹಿತ ಹೊಸ ಹುಡುಗ, ಅಚ್ಚುಕಟ್ಟಿನವನು. ಅವನಿಗೆ ಲೆಕ್ಕ ಸರಿಹೋಗಲಿಲ್ಲ. “ಒಂದು ನಿಮಿಷ ಕೈ ತೋರಸ್ರಿ ಸರ್” ಎಂದು ಮಾಸ್ತರರ ಗೇಣಿನ ಮೇಲೆ ಟೇಪು ಇಟ್ಟ. “ಒಂಬತ್ತು ಇಂಚು ಐತಲ್ರಿ. ಎರಡು ಗೇಣಿಗೆ ಹದಿನೆಂಟು ಆಗಬೇಕು. ಹದಿನಾರು ಹ್ಯಾಂಗಾತು?”

ಕರೀಮಸಾಬ ಜಗಿಯುವುದನ್ನು ನಿಲ್ಲಿಸಿದ. ಅವನ ಬಲಗೈ ತಾನಾಗಿಯೇ ಮೆಲ್ಲಗೆ ಅಗಲವಾಗತೊಡಗಿತು.

ಉಳಿವೆಪ್ಪ ಮಾಸ್ತರರು ಅದನ್ನು ನೋಡಿ, ತಮ್ಮ ಕೈಯನ್ನು ಟೇಪಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡರು. “ಇಪ್ಪತ್ತೆರಡು ವರ್ಷದ ಹಿಂದಿನ ಮಾತ್ರಿ ಅದು” ಎಂದರು. “ಆಗ ನನ್ನ ಕೈ ಸಣ್ಣದಿತ್ತು.”

ಲೋಹಿತ ಒಂದು ಗಳಿಗೆ ಅವರ ಮುಖ ನೋಡಿ, ಹಾಗೆಯೇ ಬರೆದುಕೊಂಡ.